ಕುರಿಯ ರಕ್ತನಾಳ, ಗರ್ಭಿಣಿಯ ಔಷಧ

ಸಿಸೇರಿಯನ್‌ಗೆಂದು ಬೆನ್ನಿಗೆ ಅರಿವಳಿಕೆ ಕೊಟ್ಟ ಕೆಲವೇ ನಿಮಿಷಗಳಲ್ಲಿ ಗರ್ಭಿಣಿಯ ಬಿಪಿ ಇಳಿಯತೊಡಗುತ್ತದೆ. ರಕ್ತನಾಳಗಳನ್ನು ಬಿಗಿಹಿಡಿದಿದ್ದ ಸಿಂಪಥೆಟಿಕ್ ನರಗಳು ಸುಮ್ಮನಾಗುವುದೇ ಇದಕ್ಕೆ ಮುಖ್ಯ ಕಾರಣ. ಒತ್ತಡ ಇಳಿದರೂ ಮಿದುಳು ತನಗೆ ಬೇಕಾದ ರಕ್ತವನ್ನು ಬಹುಮಟ್ಟಿಗೆ ಕಾಯ್ದುಕೊಳ್ಳುತ್ತದೆ. ತುಂಬು ಬಸಿರಿನ ಗರ್ಭಕೋಶಕ್ಕೆ ಆ ಶಕ್ತಿ ತೀರ ಕಡಿಮೆ. ಬಸಿರಿಗೆ ಮೊದಲು ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಸಾಕಾಗುತ್ತಿದ್ದ ಅಂಗಕ್ಕೆ ದಿನ ತುಂಬುವ ಹೊತ್ತಿಗೆ 500ರಿಂದ 700 ಮಿಲಿಲೀಟರ್ ಬೇಕು. ತಾಯಿಯ ಬಿಪಿ ಬಿದ್ದರೆ ಆ ಹರಿವೂ ಬೀಳುತ್ತದೆ. ಹಾಗಾಗಿ ಬಿಪಿ ಏರಿಸಲೇಬೇಕು. ಯಾವ ಔಷಧದಿಂದ?

ದಶಕಗಳ ಕಾಲ ಸಿಗುತ್ತಿದ್ದ ಉತ್ತರ ಎಫೆಡ್ರಿನ್. ಅದಕ್ಕೆ ಆಧಾರ ಗಬ್ಬದ ಕುರಿಗಳ ಮೇಲಿನ ಪ್ರಯೋಗಗಳು, ಅದರಲ್ಲೂ ರಾಲ್ಸ್ಟನ್, ಶ್ನೈಡರ್, ಡಿಲೊರಿಮಿಯರ್ 1974ರಲ್ಲಿ ಪ್ರಕಟಿಸಿದ ಅಧ್ಯಯನ. ನಾಲ್ಕು ಔಷಧಗಳನ್ನು ಬಿಪಿ ಸಮಸಮವಾಗಿ ಏರುವಂಥ ಪ್ರಮಾಣದಲ್ಲಿ ಕೊಟ್ಟು, ಗರ್ಭಕೋಶಕ್ಕೆ ಹರಿಯುವ ರಕ್ತವನ್ನು ಅವರು ಅಳೆದರು. ಮೆಥಾಕ್ಸಮಿನ್, ಮೆಟರಾಮಿನಾಲ್ ನಾಳವನ್ನು ಬಿಗಿದು ಹರಿವನ್ನು ತಗ್ಗಿಸಿದವು. ಎಫೆಡ್ರಿನ್ ಅದನ್ನು ಹೆಚ್ಚುಕಡಿಮೆ ಇದ್ದಂತೆಯೇ ಉಳಿಸಿತು. ಅಚ್ಚುಕಟ್ಟಾದ ಕೆಲಸ, ಇಂದಿಗೂ ಓದಬೇಕಾದದ್ದು. ನನ್ನ ತಕರಾರು ಆ ಅಳತೆಯ ಮೇಲಲ್ಲ. ಅದೊಂದರ ಮೇಲೆ ಹೆರಿಗೆ ಕೋಣೆಯ ಇಡೀ ಪದ್ಧತಿಯನ್ನು ನಿಲ್ಲಿಸಿದ್ದರ ಮೇಲೆ.

ಯಾಕೆಂದರೆ ಸಸ್ತನಿಗಳ ಗರ್ಭಕೋಶದ ಅಪಧಮನಿ ಒಂದೊಂದು ಪ್ರಾಣಿಯಲ್ಲಿ ಒಂದೊಂದು ಬಗೆ. ಗಿನಿಪಿಗ್‌ನಲ್ಲಿ ಈ ನಾಳಕ್ಕೆ ಬಿಗಿಯುವ ನರಗಳ ಜೊತೆಗೆ ಸಡಿಲಿಸುವ ನರಗಳೂ ಇವೆ ಎಂದು ಕ್ರಿಸ್ಟೋಫರ್ ಬೆಲ್ 1968ರಲ್ಲೇ ತೋರಿಸಿದ್ದರು. ಬಸಿರು ಮುಂದುವರಿದಂತೆ ಅದೇ ಪ್ರಾಣಿಯ ಗರ್ಭಕೋಶದ ಗೋಡೆಯೊಳಗಿನ ಸಿಂಪಥೆಟಿಕ್ ನರತಂತುಗಳು ಕ್ಷಯಿಸುತ್ತವೆ. ಹೆಂಗಸರಲ್ಲಿ ಮಾಸಿನ ಜೀವಕೋಶಗಳು ತಾಯಿಯ ಸುರುಳಿ ಅಪಧಮನಿಗಳಿಗೇ ನುಗ್ಗಿ, ಅವುಗಳ ಸ್ನಾಯುಪದರವನ್ನು ಕರಗಿಸಿ, ಬಾಯಿ ಅಗಲಿಸುತ್ತವೆ; ಬ್ರೋಸೆನ್ಸ್, ರಾಬರ್ಟ್‌ಸನ್, ಡಿಕ್ಸನ್ ಇದನ್ನು 1967ರಲ್ಲಿ ವಿವರಿಸಿದರು. ಕುರಿಯ ಮಾಸು ಹಾಗೆ ನುಗ್ಗುವುದೇ ಇಲ್ಲ. ಕುರಿಯ ಪ್ರಯೋಗ ಪ್ರಕಟವಾಗುವ ಮೊದಲೇ ಬೆಲ್ ಹಾಗೂ ಬ್ರೋಸೆನ್ಸ್ ತಂಡದ ಈ ಎರಡೂ ಸಂಶೋಧನೆಗಳು ಅಚ್ಚಾಗಿದ್ದವು. ಒಂದೇ ಅಂಗವನ್ನು ಕುರಿತ ಜ್ಞಾನ ಬೇರೆ ಬೇರೆ ವಿಭಾಗಗಳ ಕಪಾಟುಗಳಲ್ಲಿ ಕೂತಿತ್ತು ಎಂಬುದು ನನಗೆ ನಿಜವಾಗಿ ನೋವಿನ ವಿಷಯ.

ಇನ್ನೂ ದೊಡ್ಡ ಕೊರತೆ ಪ್ರಶ್ನೆಯಲ್ಲೇ ಇತ್ತು. ನಾಳದಲ್ಲಿ ಎಷ್ಟು ರಕ್ತ ಹರಿಯಿತು ಎಂದು ಕೇಳಿದರೆ, ಮಗುವಿಗೆ ಏನಾಯಿತು ಎಂದು ಕೇಳಿದಂತಾಗುವುದಿಲ್ಲ. ಎಫೆಡ್ರಿನ್ ಮಾಸನ್ನು ದಾಟಿ ಮಗುವಿನ ದೇಹಕ್ಕೂ ಸೇರುತ್ತದೆ, ಅಲ್ಲಿನ ಚಯಾಪಚಯವನ್ನು ಚುರುಕುಗೊಳಿಸುತ್ತದೆ. ಹಾಂಗ್‌ಕಾಂಗ್‌ನ ವಾರ್ವಿಕ್ ಎಂಗನ್ ಕೀ ಮತ್ತು ಸಂಗಡಿಗರು ಹೊಕ್ಕುಳಬಳ್ಳಿಯ ರಕ್ತವನ್ನೇ ಪರೀಕ್ಷಿಸತೊಡಗಿದಾಗ ಚಿತ್ರ ತಿರುವುಮುರುವಾಯಿತು. 2002ರಲ್ಲಿ ಅವರ ತಂಡ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ, ಎಫೆಡ್ರಿನ್ ಪಡೆದ ತಾಯಂದಿರ ಮಕ್ಕಳ ರಕ್ತದಲ್ಲೇ ಆಮ್ಲೀಯತೆ ಹೆಚ್ಚು ಕಂಡಿತು. ನಾಳ ಬಿಗಿಯುತ್ತದೆಂದು ದೂರವಿಟ್ಟಿದ್ದ ಫಿನೈಲೆಫ್ರಿನ್ ಮಗುವಿಗೆ ಮೇಲಾಗಿತ್ತು. 2018ರ ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆ ಫಿನೈಲೆಫ್ರಿನ್ ಗುಂಪಿನ ಔಷಧಗಳಿಗೇ ಮೊದಲ ಸ್ಥಾನ ಕೊಟ್ಟಿತು.

1974ರ ಆ ನಾಲ್ಕರಲ್ಲಿ ಮೆಫೆಂಟರ್ಮಿನ್ ಕೂಡ ಒಂದು. ನಮ್ಮ ದೇಶದ ಆಪರೇಷನ್ ಥಿಯೇಟರುಗಳಲ್ಲಿ ಅದು ಇಂದಿಗೂ ಧಾರಾಳವಾಗಿ ಬಳಕೆಯಲ್ಲಿದೆ: ಅಗ್ಗ, ಕೈಗೆ ಸಿಗುತ್ತದೆ, ವೈದ್ಯರಿಗೆ ರೂಢಿಯಾಗಿದೆ. ಅದನ್ನು ತೂಗಬೇಕಾದದ್ದು ಕುರಿಯ ನಾಳದ ಹರಿವಿನಿಂದಲ್ಲ, ತಾಯಿಯ ಬಿಪಿಯೊಂದರಿಂದಲೂ ಅಲ್ಲ. ಹುಟ್ಟಿದ ಕ್ಷಣದಲ್ಲಿ ಹೊಕ್ಕುಳಬಳ್ಳಿಯಿಂದ ತೆಗೆದ ರಕ್ತದಿಂದ.