ಸರದಿ ಕಾಯುವ ವೈಫೈ

ವೈಫೈಯ ವೇಗಕ್ಕಿಂತ ಅದರ ಸಭ್ಯತೆ ನನಗಿಷ್ಟ. ಪ್ರತಿ ಸಾಧನವೂ ಮೊದಲು ಕಿವಿಗೊಡುತ್ತದೆ. ಬೇರೊಂದು ಮಾತಾಡುತ್ತಿದ್ದರೆ ಸುಮ್ಮನಿದ್ದು, ಆಮೇಲೂ ಚೀಟಿ ಎತ್ತಿದಂತೆ ಸಿಕ್ಕಷ್ಟು ಮೈಕ್ರೋಸೆಕೆಂಡು ಕಾದು, ತನ್ನ ತುಣುಕು ಕಳಿಸುತ್ತದೆ. ತಲುಪಿತೆಂಬ ಉತ್ತರ ಬಾರದಿದ್ದರೆ ಮತ್ತೆ ಕಳಿಸುತ್ತದೆ. (ಟಿವಿ ಚರ್ಚೆಗಳಿಗೂ ಈ ನಿಯಮ ಬರಬಾರದೇ!)

2.4 ಗಿಗಾಹರ್ಟ್ಸ್ ಪಟ್ಟಿಯಲ್ಲಂತೂ ಈ ತಾಳ್ಮೆ ಬೇಕೇ ಬೇಕು. ಬ್ಲೂಟೂತ್ ಅಲ್ಲೇ, ಮೈಕ್ರೋವೇವ್ ಒಲೆಯಿಂದ ಚೂರುಪಾರು ಸೋರುವ ಅಲೆಯೂ ಅಲ್ಲೇ, 2.45ರ ಆಸುಪಾಸಿನಲ್ಲಿ. ಒಲೆಗೆ ಸರದಿ ಗೊತ್ತಿಲ್ಲ. ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಬಳಸುವ ಚಾನೆಲ್‌ಗಳು ಮೂರೇ: 1, 6, 11. ಅಪಾರ್ಟ್‌ಮೆಂಟಿನ ನೆರೆಯವರೆಲ್ಲ ಅವನ್ನೇ ಹಂಚಿಕೊಳ್ಳಬೇಕು. ಯಾರೋ ಜಾಣತನದಿಂದ 3ನ್ನು ಆರಿಸಿದರೆ ಎರಡೂ ಬದಿಯವರಿಗೆ ಕಾಟ. 5 ಗಿಗಾಹರ್ಟ್ಸ್ ವಿಶಾಲ, ಆದರೆ ಗೋಡೆಗಳ ಮುಂದೆ ಬೇಗ ಸೋಲುತ್ತದೆ. ಇಷ್ಟೆಲ್ಲ ಗದ್ದಲದ ನಡುವೆ, ಕಬ್ಬಿಣದ ಬೀರುವಿನ ಹಿಂದೆ ತುರುಕಿಟ್ಟ ರೂಟರಿನಿಂದಲೂ ಸಿನಿಮಾ ತಡವರಿಸದೆ ಓಡುವುದುಂಟು.