ಚೆಲುವಿನ ಗೆರೆ, ಸಾಲದ ಹೆಣ್ಣು

ಯುರೋಪಿನ ಅಲಂಕಾರ ಚಿತ್ರಗಳಲ್ಲಿ ಹೆಣ್ಣು ಬಳ್ಳಿಯ ಹಾಗೆ ಬಳುಕುತ್ತಾಳಲ್ಲ, ಆ ಬಳುಕಿನಲ್ಲಿ ಜಪಾನಿನ ಪ್ರಭಾವವಿದೆ ಅಂತ ಕಲೆಯ ಚರಿತ್ರೆ ಬರೆದವರು ಹೇಳುತ್ತಾರೆ. ನಿಜ. 1854ರಲ್ಲಿ ಅಮೆರಿಕದ ಯುದ್ಧನೌಕೆಗಳಿಗೆ ಮಣಿದು ಜಪಾನ್ ತನ್ನ ಬಂದರುಗಳನ್ನು ತೆರೆಯಿತು. ಆಮೇಲೆ ಅಲ್ಲಿನ ಮರದಚ್ಚಿನ ಚಿತ್ರಗಳು ರಾಶಿರಾಶಿಯಾಗಿ ಪ್ಯಾರಿಸ್ ಸೇರಿದವು. ನೆರಳಿಲ್ಲದ ಸಪಾಟು ಬಣ್ಣ, ಕಡಿಯದೆ ಹರಿಯುವ ಗೆರೆ ಕಂಡು ಕಲಾವಿದರು ಬೆರಗಾದರು. ಆದರೆ ಗೆಳೆಯರೇ, ಆ ಚಿತ್ರಗಳಲ್ಲಿದ್ದ ಹೆಂಗಸರು ಯಾರು? ನಾವು ಕೇಳಬೇಕಾದದ್ದು ಇದನ್ನು.

1806ರಲ್ಲಿ ತೀರಿಕೊಂಡ ಉತಮಾರೊ ಬರೆದ ಚೆಲುವೆಯರಲ್ಲಿ ಬಹಳ ಮಂದಿ ಎದೊ ನಗರದ, ಅಂದರೆ ಇಂದಿನ ಟೋಕಿಯೋದ, ಯೋಶಿವಾರದವರು. ಅದು ಸರ್ಕಾರವೇ ಪರವಾನಗಿ ಕೊಟ್ಟ ಸೂಳೆಗೇರಿ. ಸುತ್ತ ಕಂದಕ, ಒಂದೇ ಹೆಬ್ಬಾಗಿಲು. ಬಡವರು ಸಾಲಕ್ಕೆ ಮಾರಿದ ಎಳೆ ಹುಡುಗಿಯರು ಅಲ್ಲಿ ಬೆಳೆದು, ಮೈಮಾರಿ ಆ ಸಾಲ ತೀರಿಸಬೇಕಿತ್ತು. ದಿಕ್ಕಿಲ್ಲದೆ ಸತ್ತವರ ಹೆಣ ಜೋಕಾನ್‌ಜಿ ಎಂಬ ಬೌದ್ಧ ಗುಡಿಗೆ ಹೋಗುತ್ತಿತ್ತು. ಜನ ಅದನ್ನು ಹೆಣ ಎಸೆಯುವ ಗುಡಿ ಅಂತಲೇ ಕರೆದರು. 1891ರಲ್ಲಿ ಪ್ಯಾರಿಸ್ಸಿನ ಎಡ್ಮಂಡ್ ದ ಗಾಂಕೂರ್ ಉತಮಾರೊ ಕುರಿತ ತನ್ನ ಪುಸ್ತಕದಲ್ಲಿ ಅವನನ್ನು ‘ಹಸಿರು ಮನೆಗಳ ಚಿತ್ರಕಾರ’ ಎಂದ. ಎಷ್ಟು ನಯವಾದ ಹೆಸರು ನೋಡಿ!

1876ರಲ್ಲಿ ಮೋನೆ ತನ್ನ ಹೆಂಡತಿಗೆ ಹೊಂಗೂದಲಿನ ವಿಗ್ಗು, ಕೆಂಪು ಕಿಮೋನೊ ತೊಡಿಸಿ, ಕೈಗೆ ಬೀಸಣಿಗೆ ಕೊಟ್ಟು ಚಿತ್ರ ಬರೆದ. 1896ರಲ್ಲಿ ಮುಖಾ, ಜೋಬ್ ಸಿಗರೇಟು ಕಾಗದದ ಪೋಸ್ಟರಿನಲ್ಲಿ ಹೆಣ್ಣಿನ ಕೂದಲನ್ನೇ ಸುರುಳಿ ಸುರುಳಿಯಾಗಿ ಹರಿಸಿದ. ಗೆರೆ ಕಡಲು ದಾಟಿತು, ಸಾಲದ ಲೆಕ್ಕ ಆಚೆ ದಡದಲ್ಲೇ ಉಳಿಯಿತು. ಯೋಶಿವಾರದಲ್ಲಿ ಜಾಲರಿ ಹಿಂದೆ ಕೂತವಳು ಮೈ ಮಾರಿದಳು. ಪ್ಯಾರಿಸ್ಸಿನ ಗೋಡೆಯ ಮೇಲಿನವಳು ಮುಗುಳ್ನಗುತ್ತಾ ಸಿಗರೇಟು ಕಾಗದ ಮಾರಿದಳು.

ಹಾಗಂತ ಗೆರೆಯನ್ನೇ ಬೈಯಬೇಕಿಲ್ಲ. 1890ರಲ್ಲಿ ಪ್ಯಾರಿಸ್ಸಿನ ಜಪಾನಿ ಚಿತ್ರಪ್ರದರ್ಶನ ನೋಡಿದ ಅಮೆರಿಕದ ಮೇರಿ ಕಸಾಟ್, ಮರುವರ್ಷ 10 ಬಣ್ಣದ ಅಚ್ಚುಚಿತ್ರಗಳನ್ನು ತಂದಳು. ಅದೇ ಸಪಾಟು ಬಣ್ಣ, ಅದೇ ಗೆರೆ. ಆದರೆ ಅವಳ ಹೆಂಗಸು ಬೋಗುಣಿಗೆ ಬಗ್ಗಿ ಮೈ ತೊಳೆಯುತ್ತಾಳೆ, ಲಕೋಟೆ ಅಂಟಿಸುತ್ತಾಳೆ. ನೋಡುವವನ ಹಂಗಿಲ್ಲದೆ ತನ್ನ ಪಾಡಿಗೆ ತಾನಿದ್ದಾಳೆ. ಹೆಚ್ಚಿನವರು ಉಳ್ಳವರ ಮನೆಯವರೇ, ಒಪ್ಪೋಣ. ಒಂದು ಚಿತ್ರದಲ್ಲಂತೂ ಬಟ್ಟೆ ಹೊಲಿಯುವವಳು ನೆಲಕ್ಕೆ ಮಂಡಿಯೂರಿ ಒಡತಿಯ ಲಂಗದ ಅಂಚು ಸರಿಮಾಡುತ್ತಿದ್ದಾಳೆ. ದುಡಿಯುವ ಕೈಯನ್ನು ಕಸಾಟ್ ಅಳಿಸಲಿಲ್ಲ.

‘ಪ್ರಭಾವ’ ಅಂತ ಬರೆದು ಕೈತೊಳೆದುಕೊಳ್ಳುವ ವಿಮರ್ಶೆ ನಮಗೆ ಸಾಲದು. ಗೆರೆ ಯಾವ ದೇಶದಿಂದ ಬಂತು ಎಂದು ತರಗತಿಯಲ್ಲಿ ಹೇಳುವ ಮೇಷ್ಟರು, ಆ ಗೆರೆಯೊಳಗಿದ್ದವಳು ಯಾರ ಮಗಳು, ಯಾವ ಸಾಲಕ್ಕೆ ಬಂದವಳು ಎಂಬುದನ್ನೂ ಹೇಳಲಿ.