ಓದು ಎಂದರೆ ಒಗಟು ಬಿಡಿಸುವುದೇ?

ಕವಿತೆಯೊಂದರ ಬಗ್ಗೆ ಬರೆಯುವಾಗ ನಾವೀಗ ‘ಇದು ನನ್ನ ಓದು’ ಎನ್ನುತ್ತೇವೆ. ನಾನೂ ಹಾಗೆ ಬರೆದವನೇ. ಇಲ್ಲಿ ಓದು ಎಂದರೆ ವ್ಯಾಖ್ಯಾನ. ಈ ಅರ್ಥ ನಮ್ಮ ವಿಮರ್ಶೆಗೆ ಬಂದದ್ದು ಇಂಗ್ಲಿಷಿನ ‘ರೀಡ್’ ಕ್ರಿಯಾಪದದ ನೆರಳಿನಲ್ಲಿ.

‘ರೀಡ್’ ಹುಟ್ಟಿದ್ದು ಪುಸ್ತಕದಿಂದಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಸಲಹೆ ಕೊಡು, ಊಹಿಸು, ಒಗಟು ಬಿಡಿಸು ಎಂಬ ಅರ್ಥಗಳಿದ್ದವು. ಒಗಟನ್ನು ಹೇಳುವ ‘ರಿಡಲ್’ ಅದರ ಒಡಹುಟ್ಟು. ಐ.ಎ. ರಿಚರ್ಡ್ಸ್ ಕೇಂಬ್ರಿಜ್ಜಿನ ವಿದ್ಯಾರ್ಥಿಗಳಿಗೆ ಕವಿಗಳ ಹೆಸರು ಮರೆಮಾಡಿ ಕವಿತೆಗಳನ್ನು ಕೊಟ್ಟು, ಅವರು ಬರೆದದ್ದನ್ನು 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಪುಸ್ತಕದಲ್ಲಿ ಪರಿಶೀಲಿಸಿದ. ಕವಿತೆ ಅಲ್ಲಿ ಮತ್ತೆ ಒಗಟಾಗಿತ್ತು.

ಕನ್ನಡದ ಓದು ಮೊದಲು ಬಾಯಿಯದು. ಮಂತ್ರ ಓದುತ್ತಾರೆ; ಹಳೆ ಮೈಸೂರಿನ ಮದುವೆಗಳಲ್ಲಿ ಮುಯ್ಯಿ ಓದಿಸುತ್ತಾರೆ. ತಮಿಳುನಾಡಿನ ಶಿವಾಲಯಗಳಲ್ಲಿ ತೇವಾರಂ ಹಾಡುವವರ ಹೆಸರೇ ಓದುವಾರ್. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡಿಗರನ್ನು ಉದ್ದೇಶಪಟ್ಟು ಓದದೆಯೂ ಕಾವ್ಯಪ್ರಯೋಗ ಬಲ್ಲವರು ಎಂದು ಹೊಗಳಿತು. ಇನ್ನೊಬ್ಬರು ಓದಿದ್ದು ಕಿವಿಗೆ ಬೀಳುತ್ತಿದ್ದ ಊರಿನಲ್ಲಿ ಅದು ಅತಿಶಯೋಕ್ತಿ ಅನ್ನಿಸುವುದಿಲ್ಲ.

ಹಾಗಾದರೆ ಒಗಟು ಬಿಡಿಸುವ ಕೆಲಸಕ್ಕೆ ನಮ್ಮಲ್ಲಿ ಪದವಿರಲಿಲ್ಲವೇ? ಇತ್ತು. ನಮ್ಮ ನಿಲ್ಕುಂದದ ಕಡೆ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಉದ್ದಕ್ಕೂ, ತಾಳಮದ್ದಳೆ ಕೇಳಿದವರಿಗೆ ಅದು ಗೊತ್ತು: ಅರ್ಥ ಹೇಳುವುದು. ಭಾಗವತರು ಪದ ಹಾಡುತ್ತಾರೆ, ಆಮೇಲೆ ಅರ್ಥಧಾರಿ ಮಾತಾಡುತ್ತಾನೆ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ‘ವಾಲಿವಧೆ’ಯ ಅದೇ ಪದಕ್ಕೆ ಒಬ್ಬ ವಾಲಿ ಮರೆಯಿಂದ ಬಾಣ ಬಿಟ್ಟ ರಾಮನನ್ನು ಕೊನೆಯವರೆಗೂ ಪ್ರಶ್ನಿಸುತ್ತಾನೆ; ಇನ್ನೊಬ್ಬ ಪ್ರಶ್ನಿಸುತ್ತಲೇ ಭಕ್ತನಾಗುತ್ತಾನೆ. ಎರಡೂ ವಿಮರ್ಶೆಯೇ. ಎದುರಿಗೆ ಕೂತ ರಾಮ ಸುಮ್ಮನಿರುವುದಿಲ್ಲ, ಉತ್ತರ ಕೊಡುತ್ತಾನೆ. ಹೇಳಿದ ಅರ್ಥ ಪದಕ್ಕೆ ಹೊಂದದಿದ್ದರೆ ಸಭೆಗೂ ತಿಳಿಯುತ್ತದೆ, ಏಕೆಂದರೆ ಪದ ಈಗಷ್ಟೇ ಎಲ್ಲರ ಕಿವಿಗೆ ಬಿದ್ದಿದೆ.

‘ನನ್ನ ಓದು’ ಎನ್ನುವ ನಮ್ಮ ಲೇಖನಗಳಲ್ಲಿ ತಪ್ಪಿಹೋಗಿರುವುದು ಈ ಕ್ರಮ. ಸಾಲಿನ ದನಿ, ಪ್ರಾಸ, ನಿಲುಗಡೆ ಕೇಳುವ ಮೊದಲೇ ಅದು ಯಾವುದರ ರೂಪಕ ಎಂದು ತೀರ್ಮಾನಿಸಿರುತ್ತೇವೆ. ‘ನನ್ನ’ ಎಂದ ಮೇಲೆ ಯಾರೂ ಎದುರು ಹೇಳುವಂತಿಲ್ಲ. ಇಂಗ್ಲಿಷಿನಿಂದ ಬಂದ ಅರ್ಥವನ್ನು ವಾಪಸು ಕಳಿಸಬೇಕೆಂದು ನಾನು ಹೇಳುತ್ತಿಲ್ಲ. ಅದರಿಂದ ನಮ್ಮ ಓದು ದೊಡ್ಡದಾಗಿದೆ. ಆದರೆ ವಿದ್ಯಾರ್ಥಿಗಳು ಕವಿತೆಯ ಬಗ್ಗೆ ಬರೆಯಲು ಕೂರುವ ಮೊದಲು ಒಮ್ಮೆ ಗಟ್ಟಿಯಾಗಿ ಓದಲಿ, ಪಕ್ಕದಲ್ಲೊಬ್ಬರನ್ನು ಕೂರಿಸಿಕೊಂಡು. ಅರ್ಥ ಆಮೇಲೆ ಹೇಳಬಹುದು.